ಬೀರ್‌ಸ್ಟಾಟ್‌ನ ಹಿಮ, ಜಾಂಬೋಟಿಯ ಮಂಜು

ಬೆಳಗಾವಿಯ ಹಳೆಯ ಖಾನಾವಳಿ, ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜು, ಹಲ್ಲಿನ ಡಾಕ್ಟರ ದವಾಖಾನೆ, ಎಲ್ಲಿ ಕೂತರೂ ಎದುರಿನ ಗೋಡೆಯ ಮೇಲೆ ಒಂದು ಹಿಮದ ಬೆಟ್ಟ ಕಾಣುತ್ತದೆ. ಮುಂದೆ ಕೆರೆ, ದಂಡೆಯಲ್ಲಿ ನೀರು ಕುಡಿಯುವ ಜಿಂಕೆ, ಒಂದು ಬದಿಗೆ ಕಪ್ಪಗೆ ನಿಂತ ಮರಗಳು, ನಡುವೆ ಎಲ್ಲಿಂದಲೋ ಬಿದ್ದ ಬಿಸಿಲಿನ ತುಣುಕು, ಅದರ ಹಿಂದೆ ಚೂಪಾದ ಬಿಳಿ ಶಿಖರ. ಕೆಲವು ಕ್ಯಾಲೆಂಡರಿನಿಂದ ಕತ್ತರಿಸಿ ಫ್ರೇಮ್ ಹಾಕಿಸಿದವು, ಕೆಲವು ಯಾರೋ ಸ್ಥಳೀಯ ಕಲಾವಿದರು ಅದೇ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಆಯಿಲ್ ಪೇಂಟಿನಲ್ಲಿ ಬರೆದವು. ಊರು ಬಿಟ್ಟು ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಸಹ್ಯಾದ್ರಿ ಶುರುವಾಗುತ್ತದೆ. ಹಾಗಿದ್ದೂ ಜಾಂಬೋಟಿಯ ಗುಡ್ಡ, ಯಳ್ಳೂರಿನ ರಾಜಹಂಸಗಡ, ಚೋರ್ಲಾ ಘಟ್ಟದ ತಿರುವು ಇವೆಲ್ಲ ಗೋಡೆ ಏರಿದ್ದು ಕಡಿಮೆ. ಏರಿದಾಗಲೂ ಅವುಗಳಿಗೆ ಅದೇ ಹಿಮಬೆಟ್ಟದ ನೀಲಿ ಬಳಿದಿರುತ್ತಾರೆ. ನನ್ನನ್ನು ಕಾಡುವುದು ಈ ಎರಡನೆಯ ಸಂಗತಿ. ಹಿಮ ಇಷ್ಟವಾಗುವುದರಲ್ಲಿ ತಪ್ಪೇನಿಲ್ಲ. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಕೂತವರಿಗೆ ಗೋಡೆಯ ಮೇಲಾದರೂ ತಂಪು ಬೇಡವೇ? ಆದರೆ ನಮ್ಮ ಗುಡ್ಡಗಳ ಮುಂದಿನ ಗಾಳಿ ಬೇರೆ, ಆ ಚಿತ್ರದ ಗಾಳಿ ಬೇರೆ. ಎಣ್ಣೆಬಣ್ಣದಲ್ಲಿ ಬೆಟ್ಟ ಬರೆಯುವುದೆಂದರೆ ಮುಕ್ಕಾಲು ಪಾಲು ಗಾಳಿಯನ್ನೇ ಬರೆಯುವುದು.

ಆರು ಅಡಿ ಎತ್ತರ, ಹತ್ತು ಅಡಿ ಅಗಲ

ಕತ್ತಲ ಮುಂಭಾಗ, ಬೆಳಗಿದ ನಡುಭಾಗ, ಮಸುಕಾದ ಹಿಂಭಾಗ ಎಂಬ ಈ ಕಟ್ಟು ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಚಿತ್ರಕಾರ ಕ್ಲೋಡ್ ಲೊರೇನ್ ಕಾಲಕ್ಕೇ ಗಟ್ಟಿಯಾಗಿತ್ತು. ಅದನ್ನು ಹಿಮಬೆಟ್ಟಕ್ಕೆ ಹೊಂದಿಸಿ, ಅಮೆರಿಕದ ಜನ ಸಾಲುಗಟ್ಟಿ ಟಿಕೆಟ್ ಕೊಂಡು ನೋಡುವಷ್ಟು ದೊಡ್ಡದಾಗಿ ಹಿಗ್ಗಿಸಿದವರಲ್ಲಿ ಆಲ್ಬರ್ಟ್ ಬೀರ್‌ಸ್ಟಾಟ್ ಎಂಬ ಚಿತ್ರಕಾರ ಮುಖ್ಯ. ಹುಟ್ಟಿದ್ದು 1830ರಲ್ಲಿ, ಕತ್ತಿ ಚಾಕುಗಳಿಗೆ ಹೆಸರಾದ ಪ್ರಷ್ಯಾದ ಸೋಲಿಂಗೆನ್‌ನಲ್ಲಿ. ಎಳೆಗೂಸಾಗಿದ್ದಾಗಲೇ ಕುಟುಂಬ ಸಮುದ್ರ ದಾಟಿ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ಗೆ ಬಂತು. ಅದು ತಿಮಿಂಗಿಲ ಬೇಟೆಯ ಬಂದರು, ಹತ್ತಿರದಲ್ಲಿ ಹೇಳಿಕೊಳ್ಳುವಂಥ ಬೆಟ್ಟವಿಲ್ಲ. ಚಿತ್ರ ಕಲಿಯಲು ಆತ ಮರಳಿ ಹೋದದ್ದು ಹುಟ್ಟಿದ ಸೀಮೆಗೇ: 1853ರಿಂದ ಡ್ಯುಸೆಲ್‌ಡಾರ್ಫ್, ಅಲ್ಲಿಂದ ಆಲ್ಪ್ಸ್, ಇಟಲಿ. 1857ರಲ್ಲಿ ಅಮೆರಿಕಕ್ಕೆ ವಾಪಸು. 1859ರಲ್ಲಿ ಫ್ರೆಡರಿಕ್ ಲ್ಯಾಂಡರ್ ಎಂಬ ಸರ್ವೆ ಅಧಿಕಾರಿಯ ತಂಡದ ಜೊತೆ ಪಶ್ಚಿಮಕ್ಕೆ ಹೊರಟ. ಆ ತಂಡದ ಕೆಲಸ, ಪಶ್ಚಿಮಕ್ಕೆ ಗುಳೆ ಹೊರಟ ವಲಸಿಗರ ಗಾಡಿಗಳಿಗೆ ದಾರಿ ಸರಿಮಾಡುವುದು. ವಲಸೆ ಬಂದವನೊಬ್ಬ, ವಲಸಿಗರ ರಸ್ತೆಯ ತಂಡದ ಜೊತೆ ಹೋಗಿ, ಇಂದಿನ ವಯೋಮಿಂಗ್‌ನ ವಿಂಡ್ ರಿವರ್ ಪರ್ವತಸಾಲನ್ನು ಮೊದಲ ಸಲ ಕಂಡ.

ಅಲ್ಲಿ ದೊಡ್ಡ ಚಿತ್ರ ಬರೆಯಲಿಲ್ಲ. ಕಾಗದದ ಮೇಲೆ ಚಿಕ್ಕಚಿಕ್ಕ ಎಣ್ಣೆಬಣ್ಣದ ಅಭ್ಯಾಸಚಿತ್ರಗಳು, ಪೆನ್ಸಿಲ್ ಗೆರೆಗಳು, ಒಂದಿಷ್ಟು ಸ್ಟೀರಿಯೋ ಫೋಟೋಗಳು (ಆಳ ಕಾಣುವ ಜೋಡಿಚಿತ್ರಗಳು), ಇಷ್ಟನ್ನು ಹೊತ್ತು ತಂದ. ಟಿನ್ನಿನ ಟ್ಯೂಬಿನಲ್ಲಿ ಬಣ್ಣ ಸಿಗದೇ ಹೋಗಿದ್ದರೆ ಇದು ಕಷ್ಟವಿತ್ತು. ಆ ಟ್ಯೂಬನ್ನು ಜಾನ್ ರ‍್ಯಾಂಡ್ ಎಂಬ ಚಿತ್ರಕಾರ 1841ರಲ್ಲಿ ಕಂಡುಹಿಡಿದ. ಅದಕ್ಕೂ ಮೊದಲು ಹಂದಿಯ ಮೂತ್ರಕೋಶದ ಚೀಲದಲ್ಲಿ ಬಣ್ಣ ಕಟ್ಟಿ ಒಯ್ಯುತ್ತಿದ್ದರು, ಅದು ದಾರಿಯಲ್ಲೇ ಒಡೆದು ಸೋರುತ್ತಿತ್ತು. ಕಾಗದದ ಮೇಲೆ ಎಣ್ಣೆಬಣ್ಣ ಹಚ್ಚುವವರಿಗೆ ಒಂದು ಮಾತು: ಮೊದಲು ಅರಗಿನ ದ್ರಾವಣವನ್ನೋ ತೆಳು ಸರೇಸನ್ನೋ ಒಂದು ಕೈ ಬಳಿದು ಒಣಗಿಸಿ. ಬರಿ ಕಾಗದ ಎಣ್ಣೆ ಹೀರಿ ಕೆಲವೇ ವರ್ಷಗಳಲ್ಲಿ ಕಂದಾಗಿ ಹಪ್ಪಳದಂತೆ ಮುರಿಯುತ್ತದೆ.

ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಇವನ್ನೆಲ್ಲ ಹರವಿಕೊಂಡು 1863ರಲ್ಲಿ ಮುಗಿಸಿದ ಚಿತ್ರವೇ ‘ದಿ ರಾಕಿ ಮೌಂಟನ್ಸ್, ಲ್ಯಾಂಡರ್ಸ್ ಪೀಕ್’. 186.7 ಸೆಂಟಿಮೀಟರ್ ಎತ್ತರ, 306.7 ಅಗಲ, ಸುಮಾರು ಆರಡಿಗೆ ಹತ್ತಡಿ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮುಂದೆ ಹುಲ್ಲುಬಯಲಿನಲ್ಲಿ ಶೊಶೋನಿ ಎಂಬ ಮೂಲನಿವಾಸಿ ಜನರ ಬಿಡಾರ: ಗುಡಾರಗಳು, ಕುದುರೆಗಳು, ನಾಯಿಗಳು, ಬೇಟೆಯಾಡಿ ತಂದ ಪ್ರಾಣಿಗಳು, ಎಲ್ಲವೂ ಎಣಿಸುವಷ್ಟು ಸ್ಪಷ್ಟ. ಅದರಾಚೆ ನಿಂತ ನೀರು, ನೀರಿಗೆ ಬೀಳುವ ಜಲಪಾತ. ಇಡೀ ಚಿತ್ರದ ಅತಿ ಬೆಳಗಿದ ಬಿಸಿಲು ಬಿದ್ದಿರುವುದು ಆ ಜಲಪಾತದ ಮೇಲೆ, ಹಿಮದ ಮೇಲಲ್ಲ. ಹಿಮಶಿಖರ ಅದರ ಹಿಂದೆ, ಇನ್ನೂ ಮೃದುವಾಗಿ, ಬಹುತೇಕ ಆಕಾಶದ ಬಣ್ಣಕ್ಕೇ ಸೇರಿಹೋಗುವ ಹಾಗೆ ನಿಂತಿದೆ. ನಕಲು ಮಾಡುವವರು ತಪ್ಪುವುದು ಇಲ್ಲಿಯೇ. ಟ್ಯೂಬಿನ ಅಚ್ಚ ಬಿಳಿಯನ್ನು ಶಿಖರಕ್ಕೆ ಮೆತ್ತುತ್ತಾರೆ, ಶಿಖರ ಮುಂದಕ್ಕೆ ನುಗ್ಗಿ ಕೆರೆಯ ಮೇಲೆ ಕೂರುತ್ತದೆ.

ಎಲ್ಲಿ ನಿಂತರೂ ಈ ದೃಶ್ಯ ಹೀಗೇ ಕಾಣುವುದಿಲ್ಲ. ಒಂದು ಕಡೆಯ ಬಂಡೆ, ಇನ್ನೊಂದು ಕಡೆಯ ನೀರು, ಮತ್ತೊಂದರ ಶಿಖರ ಸೇರಿಸಿ ಕಟ್ಟಿದ್ದು ಅದು. ಶಿಖರದ ಚೂಪು ರಾಕಿ ಪರ್ವತಕ್ಕಿಂತ ಸ್ವಿಟ್ಜರ್‌ಲೆಂಡಿನ ಮ್ಯಾಟರ್‌ಹಾರ್ನ್‌ಗೆ ಹತ್ತಿರ ಎಂದು ನೋಡಿದವರು ಹೇಳುತ್ತಲೇ ಬಂದಿದ್ದಾರೆ. 1868ರ ‘ಅಮಂಗ್ ದಿ ಸಿಯೆರಾ ನೆವಾಡಾ’ ಇನ್ನೂ ತಮಾಷೆ. ಕ್ಯಾಲಿಫೋರ್ನಿಯಾದ ಆ ಪರ್ವತಗಳನ್ನು ಆತ ಬರೆದದ್ದು ರೋಮ್ ನಗರದಲ್ಲಿ ಕೂತು. ಯೊಸೆಮಿಟಿಯ ಬಂಡೆಗಳನ್ನು ಬರೆದ ಮತ್ತೊಂದು ದೊಡ್ಡ ಚಿತ್ರವನ್ನು 1867ರಲ್ಲಿ ನೋಡಿದ ಮಾರ್ಕ್ ಟ್ವೇನ್, ಬಂಡೆ ಮರ ಎಲ್ಲ ಸರಿ, ಆದರೆ ಈ ಹವೆ ಕ್ಯಾಲಿಫೋರ್ನಿಯಾದ್ದಲ್ಲ, ದೇವಲೋಕದ್ದು ಎಂಬರ್ಥದಲ್ಲಿ ಛೇಡಿಸಿದ. ನನಗೆ ಇದು ಬರಿ ಚೇಷ್ಟೆ ಅನ್ನಿಸುವುದಿಲ್ಲ, ಚಿತ್ರದ ಸರಿಯಾದ ಜಾಗಕ್ಕೆ ಬೆರಳಿಟ್ಟ ವಿಮರ್ಶೆ ಅನ್ನಿಸುತ್ತದೆ. ಬೀರ್‌ಸ್ಟಾಟ್ ಬಂಡೆಗಳನ್ನು ಅಮೆರಿಕದಲ್ಲಿ ಆರಿಸಿಕೊಂಡ, ಹವೆಯನ್ನು ಮಾತ್ರ ಡ್ಯುಸೆಲ್‌ಡಾರ್ಫಿನಿಂದಲೇ ತಂದಿದ್ದ. ಯಾವ ಊರಿಗೂ ಸೇರದ ಆ ಹವೆಯ ಕಾರಣದಿಂದಲೇ ಇಂಥ ಕಟ್ಟಿನ ಚಿತ್ರ ಯಾವ ಊರಿನ ಗೋಡೆಗೂ ಒಗ್ಗುತ್ತದೆ, ನಮ್ಮ ಖಾನಾವಳಿಯದಕ್ಕೂ.

ದೂರವೆಲ್ಲ ನೀಲಿಯಲ್ಲ

ಶುಭ್ರ ಗಾಳಿಯ ಅಣುಗಳು ನೀಲಿ ಬೆಳಕನ್ನು ಕೆಂಪಿಗಿಂತ ಹಲವು ಪಟ್ಟು ಹೆಚ್ಚು ಚೆದುರಿಸುತ್ತವೆ. ನಮ್ಮ ಕಣ್ಣಿಗೂ ದೂರದ ಕಪ್ಪು ಗುಡ್ಡಕ್ಕೂ ನಡುವಿನ ಗಾಳಿಯಲ್ಲಿ ಚೆದುರಿದ ಈ ನೀಲಿ ಗುಡ್ಡದ ಮೇಲೆ ಪರದೆಯಾಗಿ ಕೂರುತ್ತದೆ. ಹಾಗಾಗಿ ಕಾಡು ಮುಚ್ಚಿದ ಗುಡ್ಡ ದೂರವಾದಷ್ಟೂ ನೀಲಿ. ಹಿಮ ಹಾಗಲ್ಲ. ಅದು ತಾನೇ ಜೋರಾಗಿ ಬೆಳಕು ಕಳಿಸುತ್ತದೆ, ಆ ಬೆಳಕಿನೊಳಗಿನ ನೀಲಿ ದಾರಿಯಲ್ಲೇ ಚೆದುರಿ ಸೋರಿಹೋಗುತ್ತದೆ, ನಮ್ಮನ್ನು ಮುಟ್ಟುವುದು ಹಳದಿ, ಕೆಲವೊಮ್ಮೆ ತಿಳಿಗುಲಾಬಿ ಬಿಳಿ. ಒಂದೇ ಗಾಳಿ ಕಪ್ಪನ್ನು ತಣ್ಣಗೂ ಬಿಳಿಯನ್ನು ಬೆಚ್ಚಗೂ ಮಾಡುತ್ತದೆ. ಬೀರ್‌ಸ್ಟಾಟ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಆತನ ಬಿಸಿಲು ಬಿದ್ದ ಹಿಮದಲ್ಲಿ ಬೆಣ್ಣೆಯ ಬಣ್ಣವಿದೆ, ನೀಲಿ ಇರುವುದು ಹಿಮದ ನೆರಳಿನಲ್ಲಿ. ಅಲ್ಲಿ ಸೂರ್ಯ ಬೀಳದೆ ಆಕಾಶದ ಬೆಳಕಷ್ಟೇ ಬೀಳುತ್ತದಲ್ಲ.

ಹಾಗಾದರೆ ನಮ್ಮ ಕಡೆಯ ನಕಲುಗಳಲ್ಲಿ ಹಿಮ ಏಕೆ ಉಜಾಲಾ ಅದ್ದಿದ ಅಂಗಿಯಂತಿರುತ್ತದೆ? ಅರ್ಧ ಅಪರಾಧ ಕ್ಯಾಲೆಂಡರಿನದು. ಆಫ್‌ಸೆಟ್ ಮುದ್ರಣದ ನಾಲ್ಕು ಶಾಯಿಗಳಲ್ಲಿ ಹಳದಿ ಮತ್ತು ಮಜೆಂಟಾ ಬಿಸಿಲಿಗೆ ಬೇಗ ಮಾಸುತ್ತವೆ, ಸಯಾನ್ ಮತ್ತು ಕಪ್ಪು ಗಟ್ಟಿಯಾಗಿ ಉಳಿಯುತ್ತವೆ. ಕಿಟಕಿಯ ಎದುರು ನಾಲ್ಕು ಬೇಸಿಗೆ ಕಂಡ ಮುದ್ರಣ ಪೂರ್ತಿ ನೀಲಿಗೆ ತಿರುಗಿರುತ್ತದೆ, ಬರೆಯುವವರು ಆ ನೀಲಿಯನ್ನೇ ನಂಬುತ್ತಾರೆ. ಫೋನಿನಲ್ಲಿ ನೋಡಿ ಬರೆಯುವವರ ಗತಿಯೂ ಬೇರೆಯಲ್ಲ, ಅಲ್ಲಿ ದೂರದ ಬೆಟ್ಟದ ನಡುಛಾಯೆಗಳನ್ನೆಲ್ಲ ಕ್ಯಾಮೆರಾ ಸವರಿ ಬಿಟ್ಟಿರುತ್ತದೆ.

ಬಣ್ಣ ಕಲಸುವ ಕ್ರಮ ಇದು. ಗುಡ್ಡಕ್ಕೆ ಕೈ ಹಾಕುವ ಮೊದಲು ದಿಗಂತದ ಹತ್ತಿರದ ಆಕಾಶದ ಬಣ್ಣವನ್ನು ದೊಡ್ಡ ಗುಡ್ಡೆಯಾಗಿ ಕಲಸಿಡಿ. ಟೈಟೇನಿಯಂ ವೈಟ್ ಹತ್ತು ಪಾಲು, ಕೋಬಾಲ್ಟ್ ಬ್ಲೂ ಒಂದು ಪಾಲು, ಯೆಲ್ಲೋ ಓಕರ್ (ಮಣ್ಣುಹಳದಿ) ಅರ್ಧ, ಚಾಕುವಿನ ತುದಿಯಷ್ಟು ಲೈಟ್ ರೆಡ್. ಇಲ್ಲಿಂದ ಶುರುಮಾಡಿ ಕಣ್ಣಿಗೆ ಸರಿಹೊಂದಿಸಿಕೊಳ್ಳಿ. ಇದೇ ಗಾಳಿ. ಇನ್ನೊಂದು ಗುಡ್ಡೆ ಹತ್ತಿರದ ಗುಡ್ಡದ ಗಾಢಬಣ್ಣ: ಅಲ್ಟ್ರಾಮರೀನ್ (ಗಾಢ ನೀಲಿ) ಮತ್ತು ಬರ್ನ್ಟ್ ಅಂಬರ್ (ಗಾಢ ಕಂದು) ಸಮಸಮ, ಸ್ವಲ್ಪ ಓಕರ್. ಮೊದಲ ಸಾಲಿನ ಗುಡ್ಡಕ್ಕೆ ಗಾಢಬಣ್ಣ ಹಾಗೆಯೇ. ಎರಡನೆಯದಕ್ಕೆ ಗಾಢ ಎರಡು, ಗಾಳಿ ಒಂದು. ಮೂರನೆಯದಕ್ಕೆ ಗಾಢ ಒಂದು, ಗಾಳಿ ಎರಡು. ನಾಲ್ಕನೆಯದಕ್ಕೆ ಒಂದಕ್ಕೆ ಆರು. ಪ್ರತಿ ಸಾಲಿಗೂ ಅಷ್ಟಷ್ಟೇ ಬಿಳಿ ಕೂಡಿಸುತ್ತ ಹೋದರೆ ಬಾರದು, ಪ್ರಮಾಣ ಗುಣಿಸಿಕೊಂಡು ಹೋಗಬೇಕು. ಗಾಳಿ ಗುಡ್ಡವನ್ನು ನುಂಗುವುದು ಹಾಗೆಯೇ. ಬಿಳಿಯನ್ನು ನೇರವಾಗಿ ಗಾಢಬಣ್ಣಕ್ಕೆ ಬೆರೆಸಬೇಡಿ, ಗುಡ್ಡ ಸುಣ್ಣ ಬಳಿದಂತಾಗುತ್ತದೆ. ಯಾವಾಗಲೂ ಆ ಗಾಳಿಯ ಗುಡ್ಡೆಯಿಂದಲೇ ತೆಗೆಯಿರಿ. ದೂರದ ಬಿಸಿಲುಹಿಮಕ್ಕೆ ಬಿಳಿಯೊಳಗೆ ಚೂರು ಓಕರ್, ಅದಕ್ಕಿಂತ ಚೂರು ಕ್ಯಾಡ್ಮಿಯಂ ರೆಡ್. ಅಚ್ಚ ಬಿಳಿ ಇಡೀ ಚಿತ್ರದಲ್ಲಿ ಒಂದೇ ಕಡೆ ಸಾಕು. ಕಣ್ಣು ಅರೆಮುಚ್ಚಿ ನೋಡಿ: ನಾಲ್ಕು ಸಾಲುಗಳು ನಾಲ್ಕಾಗಿ ಕಂಡರೆ ಮುಂದುವರಿಯಿರಿ, ಮೂರಾಗಿ ಕಂಡರೆ ಎರಡು ಒಂದಕ್ಕೊಂದು ಅಂಟಿವೆ ಎಂದರ್ಥ.

ಅಗಸಿ, ಕುಸುಬಿ, ಮಳೆಗಾಲ

ಎಣ್ಣೆಬಣ್ಣ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ನಾವು ರೊಟ್ಟಿಗೆ ಚಟ್ನಿಪುಡಿ ಮಾಡಿಕೊಳ್ಳುವ ಅದೇ ಅಗಸಿಯ ಎಣ್ಣೆಯೇ ಲಿನ್‌ಸೀಡ್ ಆಯಿಲ್. ಇದರ ಪೊರೆ ಗಟ್ಟಿ, ಆದರೆ ಹಳದಿಗೆ ತಿರುಗುತ್ತದೆ, ಅದೂ ಕತ್ತಲಲ್ಲಿ ಹೆಚ್ಚು. ಮುಖ ಗೋಡೆಗೆ ಮಾಡಿ ಕೋಣೆಯಲ್ಲಿಟ್ಟ ಚಿತ್ರದ ಆಕಾಶ ಹಳದಿಯಾಗಿದ್ದರೆ ಕೆಲ ವಾರ ಬೆಳಕಿರುವ ಪಡಸಾಲೆಯಲ್ಲಿ, ನೇರ ಬಿಸಿಲು ತಾಗದಂತೆ ಇಡಿ, ಸಾಕಷ್ಟು ತಿಳಿಯಾಗುತ್ತದೆ. ಬಾಗಲಕೋಟೆ, ವಿಜಯಪುರದ ಎರೆಹೊಲಗಳ ಕುಸುಬಿಯ ಎಣ್ಣೆ ಇಷ್ಟು ಹಳದಿಯಾಗುವುದಿಲ್ಲ. ಅದಕ್ಕೇ ಎಷ್ಟೋ ಕಂಪನಿಗಳು ಬಿಳಿ ಬಣ್ಣವನ್ನು ಕುಸುಬಿ ಎಣ್ಣೆಯಲ್ಲಿ ಅರೆಯುತ್ತವೆ. ಅದರ ತೊಂದರೆ ಬೇರೆ: ನಿಧಾನ ಒಣಗುತ್ತದೆ, ಪೊರೆ ಮೆತ್ತಗೆ. ಕೆಳಗೆ ಕುಸುಬಿಯ ದಪ್ಪ ಬಿಳಿ ಹಚ್ಚಿ ಮೇಲೆ ಬೇಗ ಒಣಗುವ ಕಂದು ಬಳಿದರೆ, ಮೇಲಿನ ಪದರ ಬಿಗಿದು ಕೆಳಗಿನದು ಜಾರಿ ಬಿರುಕು ಬಿಡುತ್ತದೆ. ಅಡುಗೆಮನೆಯ ಡಬ್ಬಿಯಿಂದ ಕುಸುಬಿ ಎಣ್ಣೆ ತಂದು ಹಾಕುವ ಪ್ರಯೋಗ ಬೇಡ. ಈಗಿನ ಕೆಲವು ತಳಿಗಳ ಎಣ್ಣೆ ಒಣಗುವುದೇ ಇಲ್ಲ, ವರ್ಷ ಕಳೆದರೂ ಬೆರಳಿಗೆ ಅಂಟುತ್ತದೆ. ಹಾರ್ಡ್‌ವೇರ್ ಅಂಗಡಿಯ ಬಾಯಿಲ್ಡ್ ಲಿನ್‌ಸೀಡ್ ಕೂಡ ಬೇಡ. ಅದು ಬಾಗಿಲು ಚೌಕಟ್ಟಿಗೆ ಮಾಡಿದ್ದು, ಒಣಗಿಸುವ ಲೋಹದ ಲವಣ ಬೆರೆತಿರುತ್ತದೆ, ಬೇಗ ಕಂದಾಗಿ ಸುಕ್ಕುಗಟ್ಟುತ್ತದೆ.

ಕೆಳಪದರ ಬಡಕಲು, ಮೇಲ್ಪದರ ಕೊಬ್ಬು, ಅಂದರೆ ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೆಚ್ಚು ಎಂಬ ನಿಯಮಕ್ಕೆ ಕಾರಣ ಇದೇ. ಮೊದಲ ಕೈ ಬರ್ನ್ಟ್ ಅಂಬರ್ ಅನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಬೆಳಕು ಕತ್ತಲೆ ಗುರುತಿಸಿ. ಅಂಬರ್‌ನಲ್ಲಿರುವ ಮ್ಯಾಂಗನೀಸ್ ಒಣಗುವಿಕೆಗೆ ಚುರುಕು ಕೊಡುತ್ತದೆ, ಒಂದೆರಡು ದಿನದಲ್ಲಿ ಮೇಲೆ ಕೆಲಸ ಮಾಡಬಹುದು. ಎರಡನೆಯ ಕೈಗೆ ಟ್ಯೂಬಿನ ಬಣ್ಣ ಹಾಗೆಯೇ. ಕೊನೆಯ ಗ್ಲೇಜಿಗೆ (ತೆಳುವಾದ ಪಾರದರ್ಶಕ ಪದರಕ್ಕೆ) ಮಾತ್ರ ಎಣ್ಣೆ ಸೇರಿಸಿ, ಅದೂ ಹನಿಗಳಲ್ಲಿ. ದೂರದ ಬೆಟ್ಟಕ್ಕೆ ಮಂಜು ಸವರಬೇಕೆಂದಾಗ ಅನೇಕರು ಝಿಂಕ್ ವೈಟ್ ಹಿಡಿಯುತ್ತಾರೆ, ಪಾರದರ್ಶಕವಾಗಿ ಚೆಂದ ಕೂರುತ್ತದೆಂದು. ಅದರ ಪೊರೆ ವರ್ಷ ಕಳೆದಂತೆ ಗಾಜಿನಂತೆ ಪೆಡಸಾಗಿ ಸಿಡಿಯುತ್ತದೆ. ಟೈಟೇನಿಯಂ ಬಿಳಿಯನ್ನೇ ಒಣ ಬ್ರಷ್ಷಿನಲ್ಲಿ ಉಜ್ಜುವುದು ಮೇಲು.

ಬೆಳಗಾವಿಯ ಮಳೆಗಾಲ ಕ್ಯಾನ್ವಾಸಿಗೆ ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹತ್ತಿಯ ಕ್ಯಾನ್ವಾಸ್ ತೇವಕ್ಕೆ ಹಿಗ್ಗಿ ಕುಗ್ಗಿ ಸಡಿಲಾಗುತ್ತದೆ, ಬಣ್ಣ ಹೆಚ್ಚು ಹೊತ್ತು ಹಸಿಯಾಗಿರುತ್ತದೆ, ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಮೂಲೆಗಳಿಗೆ ಮರದ ಬೆಣೆ ಇರುವ ಸ್ಟ್ರೆಚರ್, ಅಂದರೆ ಕ್ಯಾನ್ವಾಸ್ ಬಿಗಿಯುವ ಚೌಕಟ್ಟು, ಕೇಳಿ ತೊಗೊಳ್ಳಿ. ಮೊಳೆ ಹೊಡೆದು ಬಿಗಿದ ಗಟ್ಟಿ ಚೌಕಟ್ಟಾದರೆ ಮತ್ತೆ ಬಿಗಿಮಾಡಲು ಆಗುವುದಿಲ್ಲ. ಗೋಡೆಗೂ ಚಿತ್ರಕ್ಕೂ ನಡುವೆ ಬಿರಡೆಯ ಚೂರು ಅಂಟಿಸಿ ಬೆರಳಷ್ಟು ಸಂದು ಬಿಡಿ. ಬೇಸಿಗೆಯ ಎಚ್ಚರ ಬೇರೆ: ಅಗಸಿ ಎಣ್ಣೆ ಒರೆಸಿದ ಬಟ್ಟೆ ಮುದ್ದೆಯಾಗಿ ಮೂಲೆಗೆ ಬಿದ್ದರೆ ಒಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ.

ಮೂರು ಊರು, ಮೂರು ಗಾಳಿ

ಜಾಂಬೋಟಿ, ಕಣಕುಂಬಿ ಕಡೆಯ ಮಳೆಗಾಲದ ಗುಡ್ಡಕ್ಕೆ ಮೇಲಿನ ಗಾಳಿಯ ಗುಡ್ಡೆಯಲ್ಲಿ ಕೋಬಾಲ್ಟ್ ಬಹುತೇಕ ಬೇಡ. ಮಂಜಿನ ಹನಿ ಅಣುವಿಗಿಂತ ಬಹಳ ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಸಮ ಚೆದುರಿಸುತ್ತದೆ. ಅಲ್ಲಿ ದೂರ ಎಂದರೆ ಬೂದುಬಿಳಿ. ಗುಡ್ಡದ ಬುಡ ತಲೆಗಿಂತ ತಿಳಿ, ಏಕೆಂದರೆ ಮಂಜು ಕಣಿವೆಯಲ್ಲಿ ಕೂರುತ್ತದೆ. ನೆತ್ತಿ ಚಪ್ಪಟೆ, ಚೂಪು ಮಾಡಿದ ಕೂಡಲೇ ಸಹ್ಯಾದ್ರಿ ಮಾಯವಾಗಿ ಆಲ್ಪ್ಸ್ ಬಂದುಬಿಡುತ್ತದೆ. ಹತ್ತಿರದ ಹಸಿರಿಗೆ ಟ್ಯೂಬಿನ ಹಸಿರು ಬೇಡ, ಅಲ್ಟ್ರಾಮರೀನಿಗೆ ಓಕರ್ ಸೇರಿಸಿ, ಜಂಬಿಟ್ಟಿಗೆ ಮಣ್ಣಿನ ಕೆಂಪನ್ನು ಅದರೊಳಗೆ ಒಂದಿಷ್ಟು ಇಣುಕಲು ಬಿಡಿ.

ವಿಜಯಪುರದಲ್ಲಿ ಗುಡ್ಡದ ಕೆಲಸ ಮಾಡುವುದು ಗೋಳಗುಮ್ಮಟ. ಬೇಸಿಗೆಯ ಧೂಳಿನಲ್ಲಿ ದೂರದಿಂದ ನೋಡಿದರೆ ಗುಮ್ಮಟ ನೀಲಿಯಾಗುವುದಿಲ್ಲ, ಆಕಾಶದ ಕೆಳಅಂಚಿನ ಮಣ್ಣುಬಣ್ಣಕ್ಕೆ ಕರಗುತ್ತದೆ. ಗಾಳಿಯ ಗುಡ್ಡೆಗೆ ಓಕರ್ ಒಂದೂವರೆ ಪಾಲು, ಒಂದು ಚೂರು ರಾ ಅಂಬರ್, ಕೋಬಾಲ್ಟ್ ಚಾಕುವಿನ ತುದಿಯಷ್ಟು.

ಬೀರ್‌ಸ್ಟಾಟ್‌ನ ಕಟ್ಟನ್ನು ನಮ್ಮ ಸೀಮೆಯಲ್ಲಿ ಪ್ರಾಮಾಣಿಕವಾಗಿ ಪರೀಕ್ಷಿಸಬೇಕೆಂದರೆ ಬಾದಾಮಿಗೆ ಹೋಗಬೇಕು. ಅಲ್ಲಿ ಕೆರೆಯೂ ಇದೆ, ಬೆಟ್ಟವೂ ಇದೆ, ನಡುವೆ ಬೆಳಕು ಬೀಳುವ ಜಾಗವೂ ಇದೆ. ಊರ ಬದಿಯ ದಂಡೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಸಂಜೆಯ ಸೂರ್ಯ ಬೆನ್ನಿಗೆ, ಅಗಸ್ತ್ಯತೀರ್ಥ ಮುಂದೆ, ಆಚೆ ದಂಡೆಗೆ ಭೂತನಾಥ ಗುಡಿ, ಎರಡೂ ಬದಿಗೆ ಮರಳುಗಲ್ಲಿನ ಗೋಡೆಗಳು. ಮುಂಜಾನೆ ಇದೇ ಜಾಗದಿಂದ ಬರೆಯಲು ಹೋದರೆ ಬೆಳಕು ಎದುರಿಗೆ ಬಂದು ಬಂಡೆಯೆಲ್ಲ ಕಂದು ಹಲಗೆಯಾಗುತ್ತದೆ. ಬಂಡೆಯ ಬೆಳಕಿಗೆ ಓಕರ್, ಬರ್ನ್ಟ್ ಸಿಯೆನ್ನಾ, ಬಿಳಿ. ನೆರಳಿಗೆ ಸಿಯೆನ್ನಾ ಮತ್ತು ಅಲ್ಟ್ರಾಮರೀನ್, ಅದು ನೇರಳೆಗಂದಾಗಿ ಬರುತ್ತದೆ. ಕಪ್ಪು ಟ್ಯೂಬ್ ಮುಚ್ಚಿಯೇ ಇರಲಿ. ಇಲ್ಲಿ ದೂರ ಕಡಿಮೆ, ಗಾಳಿ ಹೆಚ್ಚಿಲ್ಲ. ಹಿಂದಿನ ಬಂಡೆಗೆ ಹತ್ತಕ್ಕೆ ಒಂದು ಪಾಲು ಗಾಳಿ ಸಾಕು, ಹೆಚ್ಚಾದರೆ ಮರಳುಗಲ್ಲು ಪಿಂಗಾಣಿಯಾಗುತ್ತದೆ. ಪ್ರತಿಬಿಂಬವನ್ನು ಬಂಡೆಯ ತಲೆಕೆಳಗಾದ ಪಡಿಯಚ್ಚಾಗಿ ಬರೆಯುವುದು ಸಾಮಾನ್ಯ ತಪ್ಪು. ನಮ್ಮ ಕಣ್ಣು ನೀರಿಗಿಂತ ಮೇಲಿರುತ್ತದೆ, ನೀರು ಮಾತ್ರ ಬಂಡೆಯನ್ನು ಕೆಳಗಿನಿಂದ ನೋಡಿದಂತೆ ತೋರಿಸುತ್ತದೆ. ಆದ್ದರಿಂದ ದಂಡೆಯಿಂದ ಹಿಂದೆ ಸರಿದು ನಿಂತ ಬಂಡೆಯ ಪ್ರತಿಬಿಂಬ ಗಿಡ್ಡವಾಗುತ್ತದೆ, ದಂಡೆಯಲ್ಲೇ ನಿಂತ ಗುಡಿಯದು ಪೂರ್ತಿ ಬರುತ್ತದೆ. ನೀರಿನಲ್ಲಿ ಬೆಳಕು ಸ್ವಲ್ಪ ಮಂಕು, ಕತ್ತಲು ಸ್ವಲ್ಪ ತಿಳಿ.

ಮುಂದೆ ಯಾರು ನಿಲ್ಲಬೇಕು

ಲ್ಯಾಂಡರ್ಸ್ ಪೀಕ್ 1864ರಲ್ಲಿ ನ್ಯೂಯಾರ್ಕಿನ ದೊಡ್ಡ ಮೇಳವೊಂದರಲ್ಲಿ ತೂಗಿತು. ಅಂತರ್ಯುದ್ಧದ ಗಾಯಾಳು ಸೈನಿಕರಿಗಾಗಿ ಹಣ ಎತ್ತುವ ಮೇಳ. ಎದುರುಬದುರಿಗೆ ಫ್ರೆಡರಿಕ್ ಚರ್ಚ್ ಎಂಬ ಚಿತ್ರಕಾರನ ಆಂಡಿಸ್ ಪರ್ವತದ ಚಿತ್ರ. ಮೇಳದಲ್ಲಿ ಬೀರ್‌ಸ್ಟಾಟ್ ಮೂಲನಿವಾಸಿಗಳ ಗುಡಾರ ಹೂಡಿಸಿ, ಅವರಿಂದ ಕುಣಿತವನ್ನೂ ಏರ್ಪಡಿಸಿದ್ದ. ಮರುವರ್ಷ ಚಿತ್ರ 25,000 ಡಾಲರಿಗೆ ಮಾರಾಟವಾಯಿತು, ಕೊಂಡವನು ರೈಲ್ವೆ ಬಂಡವಾಳಗಾರ. ಚಿತ್ರದ ಜೊತೆ ಬಂದ ಕಿರುಹೊತ್ತಿಗೆಯಲ್ಲಿ ಒಂದು ಆಸೆಯಿದೆ: ಈ ಬಿಡಾರವಿರುವ ಬಯಲಿನಲ್ಲೇ ಮುಂದೊಂದು ದಿನ ನಮ್ಮ ವಂಶದವರ ನಗರ ಎದ್ದು, ಅದರ ಚಿತ್ರಶಾಲೆಯಲ್ಲಿ ಈ ಚಿತ್ರ ನೆಲೆಸಲಿ ಎಂದು. ಅಷ್ಟು ಪ್ರೀತಿಯಿಂದ, ನಾಯಿ ಕುದುರೆ ಬಿಡದೆ ಬರೆದ ಜನರನ್ನು ಅದೇ ಉಸಿರಿನಲ್ಲಿ ಜಾಗದಿಂದ ಎಬ್ಬಿಸಿಬಿಡುವುದು ನನಗೆ ಸಹಿಸುವುದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಮುಂಭಾಗದ ಜನ ಚಿತ್ರದಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತಾರೆ, ಬೆಟ್ಟಕ್ಕೆ ಅಳತೆ ಕೊಡುತ್ತಾರೆ. ಮನುಷ್ಯ ಚಿಕ್ಕದಾದಷ್ಟೂ ಬೆಟ್ಟ ದೊಡ್ಡದು. ಕ್ಯಾಲೆಂಡರಿನ ಜಿಂಕೆ ಈ ಕೆಲಸ ಮಾಡಲಾರದು, ಜಿಂಕೆಯ ಎತ್ತರ ನಮ್ಮ ಕಣ್ಣಿಗೆ ಅಭ್ಯಾಸವಿಲ್ಲ. ಬಾದಾಮಿಯ ಚಿತ್ರದಲ್ಲಿ ಜಿಂಕೆ ತೆಗೆದುಹಾಕಿ, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರನ್ನು ಬರೆಯಿರಿ, ಅವರು ಅಲ್ಲಿ ನಿಜಕ್ಕೂ ಇರುತ್ತಾರೆ. ನೀವು ನಿಂತ ಮಟ್ಟದಲ್ಲೇ ನಿಂತವರ ತಲೆ, ಹತ್ತಿರವಿರಲಿ ದೂರವಿರಲಿ, ದಿಗಂತರೇಖೆಯ ಮಟ್ಟಕ್ಕೇ ಬರುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಬಗ್ಗಿದವರ ತಲೆ ಅದಕ್ಕಿಂತ ಕೆಳಗೆ. ಎರಡಡಿ ಅಗಲದ ಕ್ಯಾನ್ವಾಸಿನಲ್ಲಿ ಹತ್ತಿರದ ಆಕೃತಿ ಒಂದೂವರೆ ಇಂಚು ಮೀರದಿರಲಿ. ಮುಖದಲ್ಲಿ ಕಣ್ಣು ಮೂಗು ಬೇಡ, ಬಿಸಿಲು ಬಿದ್ದ ಬೆನ್ನಿಗೆ ಒಂದು ಎಳೆತ, ಸೆರಗಿನ ಕೆಂಪಿಗೆ ಒಂದು ಚುಕ್ಕೆ, ಬುಡಕ್ಕೆ ನೆರಳು. ಆ ಕೆಂಪು ಬಂಡೆಯ ಕೆಂಪಿಗಿಂತ ತಣ್ಣಗಿರಬೇಕು, ಕ್ಯಾಡ್ಮಿಯಂಗಿಂತ ಅಲಿಝರಿನ್ ಒಳ್ಳೆಯದು. ಇಲ್ಲವಾದರೆ ಹೆಂಗಸು ಕಲ್ಲಿನೊಳಗೇ ಸೇರಿಹೋಗುತ್ತಾಳೆ. ಅಲಿಝರಿನ್ ಒಣಗಲು ವಾರಕ್ಕೂ ಮೀರಿ ಹಿಡಿಯುತ್ತದೆ, ಅದನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಿ, ವಾರ್ನಿಷ್‌ಗೆ ಆರು ತಿಂಗಳು ಕಾಯಿರಿ.